ಕಾಲ್ಗುಣ

ಮನೆಗೆ ಹೊಸದಾಗಿ ಬಂದವರ ಕಾಲ್ಗುಣವನ್ನು ಎಣಿಸುವುದರಲ್ಲಿ ನಮ್ಮ ಹಿರಿಯರು ಅನುಸರಿಸುವ ಲೆಕ್ಕಪದ್ಧತಿಯು ಎಲ್ಲರಿಗೂ ಒಂದೇ ಸಮನಾಗಿ ಅನ್ವಯಿಸುವಂಥದಲ್ಲ. ಸೊಸೆ ಹೊಸ್ತಿಲು ತುಳಿದ ವರ್ಷ ಹಸು ಕರು ಹಾಕಿದರೂ ಬಾವಿ ಬತ್ತಿದರೂ ಎರಡನ್ನೂ ಅವಳ ಖಾತೆಗೇ ಬರೆಯುವ ಆ ಹಿರಿಯರು, ಮೊಮ್ಮಗಳು ಹುಟ್ಟಿದೊಡನೆ ಪುಸ್ತಕದ ಕ್ರಮವನ್ನೇ ಬದಲಿಸಿ, ಶುಭವಾದುದೆಲ್ಲವನ್ನೂ ಮಗುವಿನ ಹೆಸರಿಗೆ ಜಮಾ ಹಾಕಿ, ಉಳಿದುದನ್ನು ಮಗುವಿನ ತಂದೆಯ ಹೆಸರಿಗೆ ಖರ್ಚು ಬರೆಯುತ್ತಾರೆ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ನನಗೆ ಮಗಳು ಹುಟ್ಟಿದಳೆಂಬ ವಾರ್ತೆ ಬಂದಾಗ ನನ್ನ ತಾಯಿಯವರು ಕಣ್ಣೊರಸಿಕೊಂಡು, "ಮಹಾಲಕ್ಷ್ಮಿ ಬಂದಳು ಕಣೋ" ಎಂದರು. ಮಾತು ಸತ್ಯವಾದುದೇ. ಆದರೆ ಒಬ್ಬ ಲಕ್ಷ್ಮಿ ಮನೆಯೊಳಕ್ಕೆ ಬರುವಾಗ, ಅದುವರೆಗೆ ಬ್ಯಾಂಕಿನಲ್ಲಿ ಯಾರ ತಂಟೆಗೂ ಹೋಗದೆ ಸುಖವಾಗಿದ್ದ ಇನ್ನೊಬ್ಬಳು ಗಂಟುಮೂಟೆ ಕಟ್ಟಿಕೊಂಡು ಗಾರೆ ಮೇಸ್ತ್ರಿಯ ಮನೆಗೆ ಹೊರಟು ನಿಲ್ಲುವಳೆಂಬ ಸಂಗತಿಯನ್ನು ನಾನು ಪಂಚಾಂಗದಿಂದಲ್ಲ, ಪಾಸ್‌ಬುಕ್ಕಿನಿಂದ ತಿಳಿಯಬೇಕಾಯಿತು.

ಮನೆಯು ನನ್ನ ಮುತ್ತಾತನವರು ಕಟ್ಟಿಸಿದುದು. 1898ರಲ್ಲಿ ಮೈಸೂರಿಗೆ ಪ್ಲೇಗು ಹೊಕ್ಕು ಇಕ್ಕಟ್ಟಾದ ಕೇರಿಗಳನ್ನು ಬರಿದುಮಾಡಿದ ಮೇಲೆ, 1903ರಲ್ಲಿ ಸ್ಥಾಪಿತವಾದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಗಾಳಿ ಬೆಳಕುಗಳಿಗೆ ಉದಾರವಾಗಿ ಅವಕಾಶವಿಟ್ಟು ಹೊಸ ಬಡಾವಣೆಗಳನ್ನು ನಿರ್ಮಿಸತೊಡಗಿತಷ್ಟೆ. ಅಂಥದೊಂದು ಬಡಾವಣೆಯಲ್ಲಿ ನಿವೇಶನವನ್ನು ಸಂಪಾದಿಸಿದ ಮುತ್ತಾತನವರು, ಬಾಲ್ಯದಲ್ಲಿ ಕಂಡಿದ್ದ ಆ ಮಾರಿಯ ಭಯ ಕಡೆಯವರೆಗೂ ಬಿಡದಿದ್ದುದರಿಂದ, ಗೋಡೆಗೋಡೆಗೂ ಒಂದು ಗವಾಕ್ಷಿಯನ್ನು ಇಡಿಸಿ, ಮೇಲೆ ಮದ್ರಾಸು ತಾರಸಿಯನ್ನು ಹಾಕಿಸಿದರು. ಈ ತಾರಸಿಯ ವಿಷಯವನ್ನು ಇಂದಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ತೇಗದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸಾಲುಗೂಡಿಸಿ, ಸುಣ್ಣದ ಗಾರೆಯಿಂದ ಬೆಸೆದು, ಅದರ ಮೇಲೆ ಸುಣ್ಣದಲ್ಲಿ ಕಲಸಿದ ಇಟ್ಟಿಗೆ ಜಲ್ಲಿಯನ್ನು ಹರಡಿ, ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಚಿಮುಕಿಸುತ್ತ, ಹೆಂಗಸರು ಸಾಲಾಗಿ ಕುಳಿತು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿದರೆ ಆ ತಾರಸಿ ಗಟ್ಟಿಯಾಗುತ್ತದೆ. ಕನ್ನಂಬಾಡಿಯ ಕಟ್ಟೆಯೇ ಸುರ್ಕಿ ಗಾರೆಯಲ್ಲಿ ನಿಂತಿರುವಾಗ ನಮ್ಮ ಮನೆಗೇನು ಕೇಡು ಎಂಬುದು ಮುತ್ತಾತನವರ ವಾದವಾಗಿತ್ತಂತೆ. ವಾದದಲ್ಲಿ ದೋಷವಿಲ್ಲ, ಕಟ್ಟೆಯನ್ನು ನೋಡಿಕೊಳ್ಳಲು ಸರ್ಕಾರವಿದೆ, ಮನೆಯನ್ನು ನೋಡಿಕೊಳ್ಳಲು ಮರಿಮಗನೊಬ್ಬನೇ ಇದ್ದಾನೆ ಎಂಬುದಷ್ಟೇ ವ್ಯತ್ಯಾಸ.

ಹೆಂಡತಿ ಬಾಣಂತನಕ್ಕೆಂದು ತವರಿನಲ್ಲಿದ್ದ ಕಾಲದಲ್ಲಿ, ಮಗು ಮನೆಗೆ ಬರುವುದರೊಳಗಾಗಿ ಬಾಣಂತಿಯ ಕೋಣೆಗೆ ಸುಣ್ಣ ಬಣ್ಣ ಹೊಡೆಸಿಡುವುದಾಗಿ ನಾನು ಅತ್ತೆಯವರಿಗೆ ಮಾತು ಕೊಟ್ಟಿದ್ದೆ. ಬಣ್ಣದವನು ಬಂದು ಗೋಡೆಯ ಹಳೆಯ ಸುಣ್ಣವನ್ನು ಕೆರೆದನು. ಸುಣ್ಣದೊಡನೆ ಗಿಲಾವು ಬಂದಿತು. ಗಿಲಾವಿನೊಡನೆ ಒಂದೆರಡು ಇಟ್ಟಿಗೆಗಳೂ ಸೌಜನ್ಯಕ್ಕೆಂಬಂತೆ ಹೊರಬಂದವು. ಬಣ್ಣದವನು ಏಣಿಯಿಂದಿಳಿದು, ಇದು ತನ್ನ ಶಾಖೆಗೆ ಸೇರಿದ ವಿಷಯವಲ್ಲವೆಂದು ಹೇಳಿ, ಮೇಸ್ತ್ರಿಯನ್ನು ಕರೆತಂದನು. ಅರುವತ್ತು ದಾಟಿದ, ಮಿತಭಾಷಿಯಾದ ಆ ಮೇಸ್ತ್ರಿ ಗೋಡೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಕಿವಿಗೊಟ್ಟು, ಬಹಳ ಹೊತ್ತು ಮೌನವಾಗಿದ್ದು, "ಬುದ್ಧಿ, ಇದು ಬಣ್ಣದ ಕೆಲ್ಸ ಅಲ್ಲ. ಗೋಡೆ ಒಳಗೊಳಗೇ ಉಸಿರು ಕಟ್ಕೊಂಡದೆ" ಎಂದನು. ಹಿಂದೆ ಯಾರೋ ಸುಣ್ಣದ ಗೋಡೆಗೆ ಸಿಮೆಂಟಿನ ಗಿಲಾವು ಮೆತ್ತಿದ್ದರೆಂದೂ, ಸುಣ್ಣ ಹೀರಿದ ತೇವವನ್ನು ಹೊರಗೆ ಬಿಡುವುದಾದರೆ ಸಿಮೆಂಟು ಅದನ್ನು ಒಳಗೇ ಕೂಡಿಹಾಕುವುದೆಂದೂ ಆತನು ವಿವರಿಸಿದನು. ವಿವರಣೆ ಶಾಸ್ತ್ರೋಕ್ತವಾಗಿಯೇ ಇತ್ತು. ಅದರ ಬಾಲದಲ್ಲಿದ್ದ ಮೊಬಲಗು ಮಾತ್ರ ನನ್ನ ಉಸಿರನ್ನೂ ಸ್ವಲ್ಪ ಕಾಲ ಕೂಡಿಹಾಕಿತು.

ಐದನೆಯ ತಿಂಗಳಿನಲ್ಲಿ ಆರತಿ ಎತ್ತಿಸಿಕೊಂಡು ಮಗಳು ಮನೆಗೆ ಬಂದಳು. ಆ ದಿನದ ಸಂಭ್ರಮವನ್ನು ವರ್ಣಿಸಲು ಹೊರಟರೆ ನಾನೂ ಇತರ ತಂದೆಯರಂತೆ ಬೇಸರದ ಮನುಷ್ಯನಾಗುವೆನಾದ್ದರಿಂದ, ಹರಳೆಣ್ಣೆ ಮತ್ತು ಸಾಂಬ್ರಾಣಿಯ ವಾಸನೆ ಹತ್ತಿದ ಆ ಪುಟ್ಟ ತಲೆಯನ್ನು ಭುಜದ ಮೇಲಿಟ್ಟುಕೊಂಡು ನಡುಮನೆಯಲ್ಲಿ ಅಡ್ಡಾಡುವಾಗ ಜಗತ್ತಿನ ಯಾವ ಮೇಸ್ತ್ರಿಯ ಭಯವೂ ನನಗಿರಲಿಲ್ಲವೆಂದು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಶಿಶುಗಳು ಹೆಚ್ಚಿನ ಕಾಲವನ್ನು ಅಂಗಾತ ಮಲಗಿ ಕಳೆಯುತ್ತವೆ. ದೊಡ್ಡವರು ವರ್ಷಗಟ್ಟಲೆ ತಲೆಯೆತ್ತಿ ನೋಡದ ಮಾಳಿಗೆಯನ್ನು ಅವು ದಿನವಿಡೀ ನೋಡುತ್ತವೆ. ನಮ್ಮ ಮಗಳು ಚಾಪೆಯ ಮೇಲೆ ಮಲಗಿ, ತೊಲೆಗಳ ನಡುವಿನ ಒಂದು ಸ್ಥಳವನ್ನೇ ದಿಟ್ಟಿಸಿ, ಕೈಕಾಲು ಬಡಿದು, ಕೇಕೆ ಹಾಕಿ ನಗುತ್ತಿದ್ದಳು. ದೇವರು ನಗಿಸುತ್ತಿದ್ದಾನೆಂದು ನನ್ನ ತಾಯಿ ನಿರ್ಧರಿಸಿದರು. ನಾನೂ ಒಂದು ಮಧ್ಯಾಹ್ನ ಅವಳ ಪಕ್ಕದಲ್ಲಿ ಮಲಗಿ, ದೇವರನ್ನು ಕಾಣುವ ಆಸೆಯಿಂದ ಮೇಲೆ ನೋಡಿದೆನು. ಅಲ್ಲಿ ತಟ್ಟೆಯಗಲದ ಒಂದು ತೇವದ ಕಲೆ ಇದ್ದಿತು. ಅದರ ನಡುವೆ ಹನಿಯೊಂದು ಬೀಳಲೋ ಬೇಡವೋ ಎಂದು ಯೋಚಿಸುತ್ತಿದ್ದಿತು.

ಮಳೆಗಾಲ ಆಗತಾನೇ ಕಾಲಿಟ್ಟಿತ್ತು. ತಾರಸಿಯ ನೀರಿಗೆ ಒಂದು ಚಾತುರ್ಯವಿದೆ. ಅದು ಇಳಿಯುವುದು ಒಂದೆಡೆ, ಬಿರುಕು ಬಿರುಕುಗಳಲ್ಲಿ ಸುಳಿದು, ತೊಲೆಯ ಬೆನ್ನ ಮೇಲೆ ಸವಾರಿ ಮಾಡಿ, ಕಾಣಿಸಿಕೊಳ್ಳುವುದು ಮತ್ತೊಂದೆಡೆ. ಆದುದರಿಂದ ಸೋರುವ ಸ್ಥಳದ ನೆತ್ತಿಯ ಮೇಲೆಯೇ ಸಿಮೆಂಟು ಬಳಿಯುವವರು ನೀರಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಮೂಲವನ್ನು ಹುಡುಕುತ್ತ ಮೇಸ್ತ್ರಿ ಮೇಲೆ ಹತ್ತಿದಾಗ ಕೈಪಿಡಿ ಗೋಡೆಯ ಮೂಲೆಯಲ್ಲಿ ಮೊಳಕಾಲೆತ್ತರದ ಅರಳಿ ಗಿಡವೊಂದು ತಳತಳಿಸುತ್ತ ನಿಂತಿತ್ತು. ಹಕ್ಕಿಗಳು ಹಣ್ಣು ತಿಂದು ಹಿಕ್ಕೆ ಹಾಕಿದೆಡೆಯಲ್ಲೆಲ್ಲ ಹುಟ್ಟುವ ಈ ವೃಕ್ಷರಾಜನಿಗೆ ಬೇರಿಳಿಸಲು ಒಂದು ಕೂದಲೆಳೆಯ ಬಿರುಕು ಸಾಕು. ನಮ್ಮ ಗೋಡೆಯಲ್ಲಿಯೋ ಅವನಿಗೆ ಅರಮನೆಯ ಹೆಬ್ಬಾಗಿಲಿನಂಥ ಸೌಕರ್ಯವಿದ್ದಿತು. ಮೇಸ್ತ್ರಿಯ ಆಳು ಅರಳಿಗೆ ಕತ್ತಿ ಹಾಕಲು ಸುತರಾಂ ಒಪ್ಪಲಿಲ್ಲ. ಪುರೋಹಿತರನ್ನು ಕೇಳಿದ್ದಾಯಿತು, ಅವರು ಅರಿಸಿನ ಕುಂಕುಮವಿಟ್ಟು, ಕ್ಷಮೆ ಬೇಡಿ, ಗಿಡವನ್ನು ಬೇರುಸಹಿತ ಕಿತ್ತು ದೇವಸ್ಥಾನದ ಬಳಿ ನೆಡಬಹುದೆಂದು ಅಪ್ಪಣೆ ಕೊಟ್ಟರು. ಬೇರು ಗೋಡೆಯೊಳಗೆ ಎಷ್ಟು ದೂರ ಹೋಗಿತ್ತೆಂದರೆ, ಗಿಡ ಸಹಿತವಾಗಿ ಕೈಪಿಡಿ ಗೋಡೆಯ ಒಂದು ಮಾರುದ್ದವನ್ನೂ ದೇವಸ್ಥಾನಕ್ಕೆ ಕಳುಹಿಸಬೇಕಾದೀತೆಂದು ತೋರಿತು. ಕಡೆಗೆ ಗೋಡೆ ಬಿಚ್ಚಿ ಕಟ್ಟಿದ್ದಾಯಿತು. "ಮಗು ನೋಡಿ ತೋರಿಸದಿದ್ದರೆ ಮಾಳಿಗೆಯೇ ತಲೆಯ ಮೇಲೆ ಬರುತ್ತಿತ್ತಲ್ಲೋ, ಏನು ಕಾಲ್ಗುಣ!" ಎಂದು ತಾಯಿಯವರು ದೃಷ್ಟಿ ನಿವಾಳಿಸಿದರು. ಇಳಿಸಿದ ದೃಷ್ಟಿಯನ್ನೂ ನನ್ನ ಲೆಕ್ಕಕ್ಕೇ ಬರೆದಿರಬೇಕು.

ಎಣ್ಣೆನೀರಿನ ಪ್ರಕರಣವನ್ನು ಬೇಗನೆ ಮುಗಿಸುತ್ತೇನೆ. ನಮ್ಮ ಮನೆಗೆ ಹೊಂಗಳ್ಳಿಯ ಕಡೆಯಿಂದ ಬರುವ ಕಾವೇರಿ ಎಷ್ಟೇ ಪವಿತ್ರಳಾದರೂ ಒಳಗೆ ತುಕ್ಕು ಹಿಡಿದು ಬೆರಳೂ ತೂರದಂತಾಗಿದ್ದ ಕಬ್ಬಿಣದ ಕೊಳವೆಯಲ್ಲಿ ಹರಿದು ಕೆಂಪಾಗಿ ಬೀಳುತ್ತಿದ್ದಳು, ನೀರು ಹಾಕಲು ಬರುತ್ತಿದ್ದ ಅಜ್ಜಿ, ಕಾಲು ಚಾಚಿ ಮಣೆಯ ಮೇಲೆ ಕುಳಿತು, ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, "ಇದೇನಪ್ಪ, ನೀರೋ ಆರತಿಯೋ?" ಎಂದು ಕೇಳಿದಳು. ಕೊಳವೆಗಳನ್ನು ಬದಲಾಯಿಸಿದೆವು. ಬಂದ ನೀರು ಹೆಚ್ಚಿತು. ಹೆಚ್ಚಿದ ನೀರನ್ನು ಹೊರಗೆ ಕಳುಹಿಸುವ ಅಭ್ಯಾಸ ಬಚ್ಚಲಿಗೆ ತಪ್ಪಿಹೋಗಿದ್ದುದರಿಂದ ಬಚ್ಚಲನ್ನೂ ಅಗೆದೆವು.

ಮಗು ಬೋರಲು ಬಿದ್ದಿತು, ಹೊಟ್ಟೆ ಹೊಸೆಯಿತು, ಅಂಬೆಗಾಲಿಟ್ಟಿತು. ಒಂದೊಂದಕ್ಕೂ ಮನೆಯಲ್ಲಿ ಒಂದೊಂದು ಸಿಹಿ; ಒಂದೊಂದಕ್ಕೂ ಮೇಸ್ತ್ರಿಯ ಒಂದೊಂದು ಚೀಟಿ. ಅಂಬೆಗಾಲಿನ ಎತ್ತರದಿಂದ ನೋಡಿದಾಗ ಮುತ್ತಾತನವರ ಕೆಂಪು ಗಾರೆಯ ನೆಲ ಅಲ್ಲಲ್ಲಿ ಹೊಪ್ಪಳೆದ್ದಿರುವುದು ಕಂಡಿತು. ತೇಪೆ ಹಾಕಿಸಿದರೆ ಹಳೆಯ ಕೆಂಪು ದಾಳಿಂಬೆಯ ಬಣ್ಣದಲ್ಲಿಯೂ ಹೊಸ ಕೆಂಪು ಅಂಚೆಪೆಟ್ಟಿಗೆಯ ಬಣ್ಣದಲ್ಲಿಯೂ ನಿಂತು ಒಂದನ್ನೊಂದು ಮಾತನಾಡಿಸದಾದವು. ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಮಗಳು ಎದ್ದು ನಿಲ್ಲಲು ಕಲಿತ ದಿನ ದೇವರಮನೆಯ ಬಾಗಿಲುವಾಡವನ್ನು ಎರಡು ಕೈಗಳಿಂದ ಹಿಡಿದು, ನಮ್ಮೆಲ್ಲರ ಕಡೆಗೆ ತಿರುಗಿ, ಎರಡು ಹಲ್ಲು ತೋರಿಸಿ ನಕ್ಕಳು. ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ನಿಲ್ಲುವುದರೊಳಗೆ ಬಾಗಿಲುವಾಡದ ಒಂದು ಗೇಣುದ್ದದ ಭಾಗ ಅವಳ ಕೈಯಲ್ಲಿಯೇ ಬಂದುಬಿಟ್ಟಿತು. ಹಿರಣ್ಯಕಶಿಪುವು ಗದೆಯಿಂದ ಹೊಡೆದು ಕಂಬ ಒಡೆದನೆಂದು ಕೇಳಿದ್ದೇವೆ. ಹಾಲುಗಲ್ಲದ ಹಸುಳೆ ಕೈಯಿಟ್ಟ ಮಾತ್ರಕ್ಕೆ ಮರ ಬಿರಿದುದು ನಮ್ಮಲ್ಲಿಯೇ. ಒಳಗಿನಿಂದ ನರಸಿಂಹನಿಗೆ ಬದಲಾಗಿ ಗೆದ್ದಲು ಹೊರಬಂದವು.

ಗೆದ್ದಲಿನಷ್ಟು ಮರ್ಯಾದಸ್ಥ ಶತ್ರುವನ್ನು ನಾನು ಕಾಣೆ. ಬೆಳಕಿಗೆ ಅಂಜುವ ಈ ಪ್ರಾಣಿ ಮಣ್ಣಿನ ಸುರಂಗ ಕಟ್ಟಿಕೊಂಡು ಬಂದು, ಮರದ ಒಡಲನ್ನೆಲ್ಲ ತಿಂದು, ಹೊರಗಿನ ಬಣ್ಣದ ಪದರವನ್ನು ಮಾತ್ರ ಕಾಗದದಷ್ಟು ತೆಳ್ಳಗೆ ಉಳಿಸಿ, ಮನೆಯ ಯಜಮಾನನ ಮಾನವನ್ನು ನೆರೆಹೊರೆಯವರೆದುರಿಗೆ ಕೊನೆಯ ಗಳಿಗೆಯವರೆಗೂ ಕಾಪಾಡುತ್ತದೆ. ಮೊದಲ ಮಳೆಯಾದ ಸಂಜೆ ದೀಪದ ಸುತ್ತ ರೆಕ್ಕೆಯ ಹುಳುಗಳು ಮುತ್ತಿದಾಗ, ಮಗಳು ಅವನ್ನು ಹಿಡಿಯಲು ಕೈಚಾಚಿ ಕುಣಿದುದನ್ನು ನಾವು ಫೋಟೋ ಹಿಡಿದಿದ್ದೆವು. ಆ ಹುಳುಗಳು ನಮ್ಮದೇ ಬಾಗಿಲುವಾಡದಿಂದ ಮದುವೆಯ ದಿಬ್ಬಣ ಹೊರಟಿದ್ದ ಗೆದ್ದಲಿನ ಮಕ್ಕಳೆಂಬುದನ್ನು ಔಷಧ ಹೊಡೆಯಲು ಬಂದವನು ತಿಳಿಸಿದನು. ಗೋಡೆಯ ಬುಡಕ್ಕೆ ಸಾಲಾಗಿ ತೂತು ಕೊರೆದು ಔಷಧ ಹನಿಸುವಷ್ಟು ಕಾಲ ತಾಯಿ ಮಗು ಮತ್ತೆ ತವರಿಗೆ ಹೋದರು. ಅತ್ತೆಯವರು ಬಹಳ ಸಂತೋಷಪಟ್ಟರು. ನನ್ನ ವಿಪತ್ತುಗಳಲ್ಲಿ ಒಬ್ಬರಿಗಾದರೂ ಸಂತೋಷವನ್ನು ತಂದುದು ಇದೊಂದೇ.

ಈ ಸಮಯದಲ್ಲಿ ಬಂಧುಗಳು ಎರಡು ಪಕ್ಷವಾದರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದಂದಿನಿಂದ, ಹಳೆಯ ಕಟ್ಟಡಗಳನ್ನು ಕೆಡವಬೇಕೋ ದುರಸ್ತಿ ಮಾಡಿ ಉಳಿಸಬೇಕೋ ಎಂಬ ವಿವಾದ ಮೈಸೂರಿನಲ್ಲಿ ಕಾಫಿಯಷ್ಟೇ ಸುಲಭವಾಗಿ ದೊರೆಯುತ್ತದೆ. "ಕೆಡವಿ ಹಾಕಿ ನಾಲ್ಕಂತಸ್ತು ಎಬ್ಬಿಸಪ್ಪ, ಬಾಡಿಗೆಯಲ್ಲೇ ಮಗಳ ಮದುವೆಯಾಗುತ್ತದೆ" ಎಂದು ಚಿಕ್ಕಪ್ಪನವರು ಹೇಳಿದರೆ, ಸೋದರತ್ತೆಯವರು ತಾವು ಹುಟ್ಟಿದ ಕೋಣೆಯ ಒಂದು ಇಟ್ಟಿಗೆಯನ್ನು ಮುಟ್ಟಿದರೂ ಮನೆಗೆ ಕಾಲಿಡೆನೆಂದರು. ಖರ್ಚಿನ ಮಾತು ಬಂದಾಗ ಉಭಯ ಪಕ್ಷದವರೂ ಸಭಾತ್ಯಾಗ ಮಾಡಿದರು. ಸಮಾಧಾನಕ್ಕೆಂದು ನಾನು ಅರಮನೆಯ ಚರಿತ್ರೆಯನ್ನು ತೆಗೆದೆನು: 1897ರಲ್ಲಿ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು, ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಮುಗಿಯುವಷ್ಟರಲ್ಲಿ ನಲವತ್ತೊಂದು ಲಕ್ಷ ರೂಪಾಯಿಗೂ ಮೇಲೆ ಹಿಡಿಯಿತು. ಮಹಾರಾಜರ ಕಷ್ಟದ ಮುಂದೆ ನನ್ನದೇನು ಎಂದುಕೊಂಡು ಆ ರಾತ್ರಿ ನಿದ್ದೆ ಮಾಡಿದೆ.

ಮೇಸ್ತ್ರಿಯಾದರೋ ಇಷ್ಟುಹೊತ್ತಿಗೆ ಮನೆಯವನೇ ಆಗಿಬಿಟ್ಟಿದ್ದನು. ಮಗಳು ಅಮ್ಮ ಎನ್ನುವಳೋ ಅಪ್ಪ ಎನ್ನುವಳೋ ಎಂದು ನಾವು ದಂಪತಿಗಳು ಗುಟ್ಟಾಗಿ ಸ್ಪರ್ಧೆ ನಡೆಸುತ್ತಿರುವಲ್ಲಿ, ಅವಳು ಕರಣೆ ಹಿಡಿದು ಒಳಬಂದ ಮೇಸ್ತ್ರಿಯನ್ನು ನೋಡಿ ಸ್ಪಷ್ಟವಾಗಿ "ತಾತ" ಎಂದಳು. ಮಿತಭಾಷಿಯ ಗಂಟಲು ಕಟ್ಟಿತು. ಮರುವಾರ ಆತನು ಒಂದು ಪೊಟ್ಟಣವನ್ನು ಬಿಚ್ಚಿ, ಬೆಳ್ಳಿಯ ಕಾಲ್ಗೆಜ್ಜೆಗಳನ್ನು ತೆಗೆದು, ತಾನೇ ಕುಳಿತು ಅವಳ ಕಾಲಿಗೆ ತೊಡಿಸಿದನು. ನನ್ನ ಹಣದ ಒಂದಂಶ ಝಣಝಣಿಸುತ್ತ ಮನೆಗೆ ಹಿಂದಿರುಗಿದುದನ್ನು ಕಂಡು ನನಗೂ ಕಣ್ಣು ಮಂಜಾಯಿತು. ಕೂಲಿಯ ದರದಲ್ಲಿ ಮಾತ್ರ ತಾತತನದ ಪ್ರಭಾವ ಕಾಣಬರಲಿಲ್ಲ.

ವರ್ಷ ತುಂಬಿದ ದಿನ ಆಯುಷ್ಯಹೋಮ. ನಡುಮನೆಗೆ ಹೊಸ ಸುಣ್ಣ, ಹೊಸ ಬಾಗಿಲುವಾಡಕ್ಕೆ ಮಾವಿನ ತೋರಣ, ರೇಷ್ಮೆಯ ಲಂಗದಲ್ಲಿ ಮಗಳು. ಬಂದವರೆಲ್ಲ ಮನೆಯನ್ನೂ ಮಗುವನ್ನೂ ಒಂದೇ ಉಸಿರಿನಲ್ಲಿ ಹೊಗಳಿದರು. ಹೋಮಕುಂಡದಲ್ಲಿ ತುಪ್ಪ ಬಿದ್ದಿತು, ಹೊಗೆ ಎದ್ದಿತು, ಎದ್ದ ಹೊಗೆ ಮಾಳಿಗೆಯವರೆಗೆ ಹೋಗಿ, ಸುತ್ತ ನೋಡಿ, ಕೆಳಕ್ಕೆ ಇಳಿಯತೊಡಗಿತು. ಪ್ಲೇಗಿಗೆ ಅಂಜಿ ಮುತ್ತಾತನವರು ಇಡಿಸಿದ್ದ ಗವಾಕ್ಷಿಗಳೆಲ್ಲವನ್ನೂ, ಪಾರಿವಾಳ ಗೂಡು ಕಟ್ಟುವುದೆಂದು ನನ್ನ ತಾಯಿಯವರ ಅಪ್ಪಣೆಯ ಮೇರೆಗೆ, ಮೇಸ್ತ್ರಿ ಅಂದವಾಗಿ ಗಿಲಾವು ಮಾಡಿ ಮುಚ್ಚಿದ್ದನು. ಪುರೋಹಿತರ ಮಂತ್ರ ಕೆಮ್ಮಿನೊಳಗೆ ಅಡಗಿತು. ಬಂಧುಗಳು ಕಣ್ಣೀರು ಸುರಿಸುತ್ತಲೇ ಅಕ್ಷತೆ ಹಾಕಿದರು. ಅಷ್ಟು ಜನ ಒಟ್ಟಿಗೆ ಅತ್ತು ಹರಸಿದ ಮಗುವಿಗೆ ನೂರು ವರ್ಷ ಆಯುಸ್ಸು ಖಂಡಿತವೆಂದು ತಾಯಿಯವರು ಸೆರಗಿನಿಂದ ಮುಖ ಒರಸಿಕೊಳ್ಳುತ್ತ ಸಾರಿದರು. ಗವಾಕ್ಷಿಗಳನ್ನು ಮತ್ತೆ ತೆರೆಯುವ ಖರ್ಚಿನ ಅಂದಾಜನ್ನು ಮೇಸ್ತ್ರಿ ಹೋಳಿಗೆಯ ಎಲೆಯ ಮುಂದೆಯೇ ಹೇಳಿ ಮುಗಿಸಿದನು.

ಅಡಿಗೆಮನೆಯ ತಾರಸಿಯೊಂದು ಇನ್ನೂ ಉಳಿದಿದೆ. ನಮ್ಮ ಮೇಸ್ತ್ರಿಗೆ ಮಂಡಿನೋವು. ಬೆಲ್ಲ, ಅಳಲೆಕಾಯಿ ಹಾಕಿ ಸುಣ್ಣದ ಗಾರೆ ಹದಮಾಡಬಲ್ಲವರು ತನ್ನ ಪೈಕಿ ಇನ್ನು ಯಾರೂ ಉಳಿದಿಲ್ಲವೆಂದು ಆತನ ಹೇಳಿಕೆ. ಓದುಗರಲ್ಲಿ ಯಾರಿಗಾದರೂ ಅಂಥ ಕಸುಬುದಾರರು ಗೊತ್ತಿದ್ದರೆ ಮುಂಗಾರಿಗೆ ಮುಂಚೆ ದಯವಿಟ್ಟು ತಿಳಿಸಬೇಕು. ಮುಂಗಡ ಹೆಚ್ಚು ಕೊಡಲಾರೆ. ಊಟ, ಎರಡು ಹೊತ್ತು ಕಾಫಿ, ತಾತ ಎಂದು ಕರೆಯಲು ಒಂದು ಮಗು, ಇವಿಷ್ಟನ್ನು ಖಂಡಿತವಾಗಿ ಒದಗಿಸಬಲ್ಲೆ.