ಹಿತ್ತಲ ವಿಚಾರಣಾ ಆಯೋಗ

ನಮ್ಮ ಹಿತ್ತಲಲ್ಲಿ ಒಂದು ಗಿಡ ಬಾಡಿತೆಂದರೆ ಮನೆಯಲ್ಲಿ ವಿಚಾರಣಾ ಆಯೋಗ ಕೂರುತ್ತದೆ. ಸರ್ಕಾರದ ಆಯೋಗಗಳ ಹಾಗೆ ವರ್ಷಗಟ್ಟಲೆ ಕಾಯಿಸುವುದಿಲ್ಲ. ವರದಿ ಮೊದಲೇ ಸಿದ್ಧವಿರುತ್ತದೆ. ಅತ್ತೆಯದು ದೃಷ್ಟಿ, ನಮ್ಮ ಮನೆಯವರದು ಯೂಟ್ಯೂಬು, ಮಗಳದು "ನಿನ್ನೆ ನೀರು ಹಾಕೋ ಸರದಿ ನಂದಲ್ಲ." ನನ್ನ ಭಿನ್ನಮತದ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ.

ಬೆಂಡೆ ಎಲೆಯ ನರನರವೂ ಹಳದಿಗೆ ತಿರುಗಿದ ದಿನ ಅತ್ತೆ ಎದುರುಮನೆಯತ್ತ ಬೆರಳು ಮಾಡಿದರು. "ಮೊನ್ನೆ ಬಂದು, ಎಷ್ಟು ಚೆನ್ನಾಗಿ ಬಂದಿದೆ ಅಂದ್ಲಲ್ಲ, ಆಗಲೇ ಅಂದ್ಕೊಂಡೆ!" ಇವರು ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆದರು. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. ಎರಡಕ್ಕೂ ಸಮಾನ ಫಲ ಸಿಕ್ಕಿತು. ಅದು ಬಿಳಿನೊಣ ಹರಡುವ ಹಳದಿ ನಂಜುರೋಗ. ಹತ್ತಿದ ಗಿಡಕ್ಕೆ ಮದ್ದಿಲ್ಲ, ಕಿತ್ತೆಸೆಯಬೇಕು. ಇದನ್ನು ತಡೆಯಲೆಂದೇ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 'ಅರ್ಕಾ ಅನಾಮಿಕ' ಎಂಬ ತಳಿ ತಂದಿದ್ದಾರೆ. ನಮ್ಮದು ಅತ್ತೆಯ ತವರಿನ ಬೀಜ, ಪ್ರಶ್ನಿಸುವಂತಿಲ್ಲ.

ಇವರು ಕೀಳಲು ಬಗ್ಗಿದರೆ, "ಕಾಯಿಲೆ ಬಂತು ಅಂತ ನಾಳೆ ನನ್ನನ್ನೂ ಆಚೆ ಹಾಕ್ತೀಯೇನೋ?" ಎಂದರು ಅತ್ತೆ. ಅದಕ್ಕೆ ಯೂಟ್ಯೂಬಿನಲ್ಲೂ ಉತ್ತರವಿರಲಿಲ್ಲ. ಗಿಡ ಉಳಿಯಿತು, ಪಕ್ಕದವಕ್ಕೂ ಹಬ್ಬಿತು.

ಸಿಹಿಗುಂಬಳದ್ದು ಬೇರೆಯೇ ರಗಳೆ. ಬಳ್ಳಿ ತುಂಬ ಹೂ, ಕಾಯಿ ಮಾತ್ರ ಇಲ್ಲ. ಗಂಡುಹೂ ಮೊದಲು ಬರುತ್ತದೆ, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೆಣ್ಣುಹೂ ನಿಧಾನಕ್ಕೆ. "ಗಂಡುಜಾತಿಯೇ ಹಾಗೆ, ಕೆಲಸಕ್ಕೆ ಮುಂಚೆ ಮೆರವಣಿಗೆ" ಎಂದು ಅತ್ತೆ ಮಗನನ್ನೇ ನೋಡಿಕೊಂಡು ಹೇಳಿದರು. ಕಡೆಗೆ ಹೆಣ್ಣುಹೂ ಬಂತು, ದುಂಬಿ ಬರಲಿಲ್ಲ. ಬಿಸಿಲೇರಿದರೆ ಹೂ ಮುದುಡುತ್ತದೆಂದು ಇವರು ಲುಂಗಿ ಎತ್ತಿ ಕಟ್ಟಿ, ಮಗಳ ಪೇಂಟಿಂಗ್ ಬ್ರಷ್ಷಿನಿಂದ ಹೂವಿಂದ ಹೂವಿಗೆ ಪರಾಗ ಮುಟ್ಟಿಸುತ್ತಿದ್ದರೆ ಎದುರುಮನೆಯವರು ಕಾಫಿ ಲೋಟ ಹಿಡಿದು ಪೂರ್ತಿ ಸಮಾರಂಭ ನೋಡಿದರು. ಕಾಯಿ ಕಚ್ಚಿತು, ಇಲಿ ಕೊರೆಯಿತು. ಅತ್ತೆಗೆ ಸಾಕ್ಷ್ಯ ಸಿಕ್ಕಿತು.

ಮಳೆ ಹಿಡಿದ ಮೇಲೆ ಮುಷ್ಟಿಗಾತ್ರದ ಬಸವನಹುಳುಗಳು ದಂಡೆತ್ತಿ ಬಂದವು. ರಾತ್ರಿ ಇದ್ದ ಬದನೆ ಸಸಿ ಬೆಳಗ್ಗೆ ಬರೀ ಕಡ್ಡಿ. ಇವು ಆಫ್ರಿಕಾ ಮೂಲದವು. 1847ರಲ್ಲಿ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದನೆಂದು ಮಗಳು ಓದಿ ಹೇಳಿದಳು. ಆಯೋಗ ಒಮ್ಮತಕ್ಕೆ ಬಂದದ್ದು ಆಗಲೇ: ಎಲ್ಲ ಬೆನ್ಸನ್ನನ ಕಿತಾಪತಿ. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೆಂದು ತೀರ್ಮಾನವಾಯಿತು. ಆದರೆ ಸೋಮವಾರ ಬಸವನಹುಳು ಕೊಲ್ಲುವಂತಿಲ್ಲ, ಅತ್ತೆಯ ಕಟ್ಟಪ್ಪಣೆ. ವಾರದ ರಜೆಯನ್ನು ಅವು ನಮ್ಮ ಹರಿವೆ ಮಡಿಯಲ್ಲಿ ಕಳೆಯುತ್ತವೆ.

ನಮ್ಮ ತೋಟದ ಮೇಲೆ ನಿಜವಾದ ಅಕ್ಕರೆ ಇರುವುದು ತಳ್ಳುಗಾಡಿಯ ತರಕಾರಿ ಅಕ್ಕನಿಗೆ. ಒಂದೊಂದೂ ಹೋದ ಸುದ್ದಿ ಕೇಳಿ ಲೊಚಗುಟ್ಟಿ, "ಬಿಡಬೇಡಿ ಕಣಮ್ಮ, ಮತ್ತೆ ಹಾಕಿ" ಎಂದು ಧೈರ್ಯ ತುಂಬುತ್ತಾಳೆ. ಎಲೆಕೋಸಿನ ಹೊರಸಿಪ್ಪೆ ಹರಡಿದರೆ ಹುಳುಗಳೆಲ್ಲ ಅಲ್ಲೇ ಸೇರುತ್ತವೆಂದು ಹೇಳಿಕೊಟ್ಟವಳೂ ಅವಳೇ. ಮೊನ್ನೆ ಒಂದು ಮೊರದಷ್ಟು ಸಿಪ್ಪೆ ಸುರಿದಳು. ದುಡ್ಡೆಷ್ಟು ಎಂದೆ.

"ಹುಳಕ್ಕೆ ಪುಕ್ಕಟೆ. ನಿಮಗೆ ಬೆಂಡೆಕಾಯಿ ಅರ್ಧ ಕೆಜಿ ಹಾಕ್ಲಾ, ಒಂದು ಕೆಜೀನಾ?"