ಹದಿನಾಲ್ಕನೆಯ ಪ್ರತಿ

(ಬೆಂಗಳೂರಿನ ಒಂದು ಇನ್ವರ್ಟರ್ ಕಂಪನಿ. ಮೇಜಿನ ಮೇಲೆ ಆರಿದ ಕಾಫಿ. ಪರದೆಯ ಮೇಲೆ ಫೈಲು: ‘ಮ್ಯಾನುಯಲ್_ಫೈನಲ್_ಹೊಸ_ಫೈನಲ್_3’.)

ಮ್ಯಾನೇಜರ್: ವರ್ಡ್‌ನಲ್ಲೇ ಚೆನ್ನಾಗಿ ನಡೀತಿದೆಯಲ್ರೀ. ಮ್ಯಾನುಯಲ್ ಬರೆಯೋಕೆ ಈ ಡಿಟಾ ಅನ್ನೋ ಹೊಸ ಪದ್ಧತಿ ಯಾಕೆ?

ಬರಹಗಾರ್ತಿ: ಸಾರ್, ‘ಮುಚ್ಚಳ ತೆಗೆಯುವ ಮುನ್ನ 5 ನಿಮಿಷ ಕಾಯಿರಿ’ ಅನ್ನೋ ಸಾಲು ನಮ್ಮ 14 ಮ್ಯಾನುಯಲ್‌ಗಳಲ್ಲಿತ್ತು. ಹೋದ ತಿಂಗಳು ಅದನ್ನ 10 ನಿಮಿಷ ಅಂತ ತಿದ್ದಿದ್ವಿ. 13ರಲ್ಲಿ.

ಮ್ಯಾನೇಜರ್: ಇನ್ನೊಂದು?

ಬರಹಗಾರ್ತಿ: ಅದನ್ನ ಓದಿದ ಮೆಕ್ಯಾನಿಕ್ ಈಗಲೂ ಐದೇ ನಿಮಿಷಕ್ಕೆ ಕೈ ಹಾಕ್ತಾನೆ. ಡಿಟಾದಲ್ಲಿ ಸಾಲು ಒಂದೇ ಕಡೆ ಇಡಬಹುದು. ಉಳಿದ ಕಡೆ ಬರೀ ಕಾನ್‌ರೆಫ್, ಅಂದ್ರೆ ಅದರ ವಿಳಾಸ.

ಮ್ಯಾನೇಜರ್: ಹೊಸದನ್ನ ನಂಬೋದು ಹೇಗೆ?

ಬರಹಗಾರ್ತಿ: ಐಬಿಎಂನಲ್ಲಿ ಹುಟ್ಟಿದ್ದು ಸಾರ್. 2005ರಲ್ಲೇ ಓಯಸಿಸ್ ಸಂಸ್ಥೆಯ ಮಾನದಂಡ ಆಯ್ತು.

ಮ್ಯಾನೇಜರ್: ಹಾಗಾದ್ರೆ ಹಳೇದು!

ಲೆಕ್ಕದವರು: ಖರ್ಚು?

ಬರಹಗಾರ್ತಿ: ಡಿಟಾ ಓಪನ್ ಟೂಲ್‌ಕಿಟ್ ಪುಕ್ಕಟೆ. ಹಳೇ ಪುಟಗಳನ್ನ ಪರಿಕಲ್ಪನೆ, ಕೆಲಸ, ಉಲ್ಲೇಖ ಅಂತ ಬಿಡಿಸೋಕೆ ಮಾತ್ರ ತಿಂಗಳುಗಟ್ಟಲೆ ಬೇಕು.

ಹಿರಿಯ ಬರಹಗಾರರು: ಅಕ್ಷರ ಕೆಂಪು ಮಾಡೋ ಬಟನ್ ಎಲ್ಲಮ್ಮಾ?

ಬರಹಗಾರ್ತಿ: ಬೇಕಿಲ್ಲ ಸಾರ್. ‘ಇದು ಎಚ್ಚರಿಕೆ’ ಅಂತ ಟ್ಯಾಗ್ ಹಾಕಿದ್ರೆ ಸಾಕು. ಬಣ್ಣದ ಉಸಾಬರಿ ಸ್ಟೈಲ್‌ಶೀಟ್‌ದು.

ಹಿರಿಯ ಬರಹಗಾರರು: ಇಪ್ಪತ್ತು ವರ್ಷ ಬಣ್ಣ ಹಚ್ಚಿಯೇ ಬದುಕಿದೋನು ನಾನು!

ಮ್ಯಾನೇಜರ್: ಜಗಳ ಬೇಡ. ಒಂದು ಸಮಿತಿ ಮಾಡೋಣ. ಇವತ್ತಿನ ನಡಾವಳಿ ವರ್ಡ್‌ನಲ್ಲಿ ಬರೆದು ಎಲ್ಲರಿಗೂ ಒಂದೊಂದು ಕಾಪಿ ಕಳಿಸಿ. ಅವರವರೇ ತಿದ್ದಿಕೊಳ್ಳಲಿ.

ಬರಹಗಾರ್ತಿ: ಎಷ್ಟು ಕಾಪಿ ಸಾರ್?

ಮ್ಯಾನೇಜರ್: ಹದಿನಾಲ್ಕು.