ಕತಾರಿನ ಅಲ್ ಹಿಲಾಲ್ ನಿವಾಸಿಗಳಿಗೆ ನೀಹಾರಿಕೆ ಹಿಡಿಯುವ ಕೈಪಿಡಿ

ಮೊದಲು ಒಳ್ಳೆಯ ಕ್ಯಾಮೆರಾ ಒಂದನ್ನು ಕೆಡಿಸಿ. ಹೊಸದೇ ಆಗಬೇಕಿಲ್ಲ, ಹಳೆಯ ಡಿಎಸ್‌ಎಲ್‌ಆರ್ ಸಾಕು. ನೀಹಾರಿಕೆಗಳ ಹೈಡ್ರೋಜನ್ ಸೂಸುವ ಕೆಂಪು ಬೆಳಕಿನ ತರಂಗಾಂತರ 656 ನ್ಯಾನೋಮೀಟರ್. ನಮ್ಮ ನಿಮ್ಮ ಮುಖದ ಬಣ್ಣ ಸರಿಯಾಗಿ ಬರಲೆಂದು ಕಂಪನಿಯವರು ಸೆನ್ಸರ್ ಮುಂದೆ ಒಂದು ಗಾಜು ಕೂರಿಸಿರುತ್ತಾರೆ. ಅದು ಈ ಕೆಂಪಿನ ಸುಮಾರು ಕಾಲು ಭಾಗವನ್ನಷ್ಟೇ ಒಳಗೆ ಬಿಡುತ್ತದೆ. ಅದನ್ನು ತೆಗೆಸಿ. ತಾವೇ ಬಿಚ್ಚುತ್ತೇವೆನ್ನುವ ಶೂರರು ಫ್ಲ್ಯಾಶಿನ ಕೆಪಾಸಿಟರ್ ಮುಟ್ಟಬಾರದು. ಬ್ಯಾಟರಿ ತೆಗೆದ ಮೇಲೂ ಅದು ಝಾಡಿಸುತ್ತದೆ. ಕ್ಯಾನನ್ 2012ರಲ್ಲಿ 60ಡಿಎ, ನಿಕಾನ್ 2015ರಲ್ಲಿ ಡಿ810ಎ ಎಂಬ ಕ್ಯಾಮೆರಾಗಳನ್ನು ಕಾರ್ಖಾನೆಯಲ್ಲೇ ಹೀಗೆ ಕೆಡಿಸಿ, ಹೆಚ್ಚು ಬೆಲೆಗೆ ಮಾರಿದವು.

ಎಚ್ಚರಿಕೆ: ಇದನ್ನು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಒಯ್ಯಬೇಡಿ. ವೈಟ್ ಬ್ಯಾಲೆನ್ಸ್ ಸರಿಪಡಿಸಲು ಮರೆತರೆ ಅಧ್ಯಕ್ಷರಿಂದ ಹಿಡಿದು ಕೋಸಂಬರಿಯವರೆಗೆ ಎಲ್ಲಕ್ಕೂ ಕುಂಕುಮಾರ್ಚನೆಯಾಗಿರುತ್ತದೆ. ಬಾವುಟದಲ್ಲಿ ಹಳದಿ ಎಲ್ಲಿ ಮುಗಿಯಿತೆಂದು ಸಮಿತಿಯವರು ನಿಮ್ಮನ್ನೇ ಕೇಳುತ್ತಾರೆ.

ದೂರದರ್ಶಕ ಬೇಡ, 50 ಮಿ.ಮೀ. ಲೆನ್ಸ್ ಸಾಕು. ಮಹಾವ್ಯಾಧನನ್ನು ಬಳಸಿ ನಿಂತ ಬರ್ನಾರ್ಡ್ ಕುಣಿಕೆ ಹತ್ತು ಡಿಗ್ರಿಗೂ ಮೀರಿ ಹರಡಿದೆ. ಅಂದರೆ ಇಪ್ಪತ್ತು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು! ಇ. ಇ. ಬರ್ನಾರ್ಡ್ ಅದರ ಚಿತ್ರ ತೆಗೆದದ್ದು 1894ರಲ್ಲಿ. ಪಂಚಾಂಗ ನೋಡುವವರಿಗೆ ಚೆನ್ನಾಗಿ ಗೊತ್ತಿರುವ ಮೃಗಶಿರಾ ನಕ್ಷತ್ರದ ಸುತ್ತಲೂ ಇನ್ನೊಂದು ದುಂಡನೆಯ ಕೆಂಪು ಮೋಡವಿದೆ. ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುತ್ತವೆ.

ಈಗ ತಾರಸಿ ಹತ್ತಿ. ವಾಚ್‌ಮನ್ ಬೀಗ ತೆಗೆದರೂ ಆಕಾಶದ ಬೀಗ ತೆಗೆಯದು: ಒಂದು ಕಡೆ ಸಿ ರಿಂಗ್ ರಸ್ತೆ, ಇನ್ನೊಂದು ಕಡೆ ಡಿ ರಿಂಗ್ ರಸ್ತೆ, ನಡುವೆ ಹಗಲಿನಂಥ ಇರುಳು. ಕತಾರಿನ ಹೆಸರು ಹೊತ್ತ ಗ್ರಹಗಳನ್ನು ಹುಡುಕಿದ ಯೋಜನೆಯೇ ತನ್ನ ಕ್ಯಾಮೆರಾಗಳನ್ನು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಇಟ್ಟಿತ್ತೆಂದರೆ ನಿಮ್ಮ ತಾರಸಿಯ ಯೋಗ್ಯತೆ ತಿಳಿಯಿತಲ್ಲ! ಕೆಂಪನ್ನಷ್ಟೇ ಬಿಡುವ ಕಿರಿದಾದ ಫಿಲ್ಟರ್ ಹಾಕಬಹುದು. ಆದರೆ ಅಗಲ ಲೆನ್ಸಿನ ಮುಂದೆ ಸಿಕ್ಕಿಸಿದರೆ ಅಂಚಿನ ಬೆಳಕು ಓರೆಯಾಗಿ ಬಂದು ಫಿಲ್ಟರಿನ ದಾರಿ ತಪ್ಪುತ್ತದೆ. ನಡುವೆ ನೀಹಾರಿಕೆ, ಮೂಲೆಯಲ್ಲಿ ಶೂನ್ಯ.

ಹಾಗಾಗಿ ಅಮಾವಾಸ್ಯೆಯ ಹತ್ತಿರದ ಗುರುವಾರ ರಾತ್ರಿ ಮರುಭೂಮಿಗೆ ಹೊರಡಿ. ಟೈರಿನ ಗಾಳಿ ಇಳಿಸಿಕೊಳ್ಳಿ, ಟ್ರೈಪಾಡ್ ಕಾಲುಗಳಡಿ ಹಲಗೆ ಇಡಿ. ಟ್ರ್ಯಾಕರ್ ಇಲ್ಲದಿದ್ದರೆ ಹತ್ತು ಸೆಕೆಂಡಿಗೆ ನಕ್ಷತ್ರ ಎಳೆಯಾಗುತ್ತದೆ. ಇದ್ದರೆ ಅದನ್ನು ಧ್ರುವಕ್ಕೆ ಹೊಂದಿಸಿ. ಮಂಗಳೂರಿನಲ್ಲಿ 13 ಡಿಗ್ರಿ ಎತ್ತರದಲ್ಲಿ ತೆಂಗಿನ ಗರಿಗಳ ಹಿಂದೆ ಅವಿತಿರುತ್ತಿದ್ದ ಧ್ರುವ ಇಲ್ಲಿ 25ಕ್ಕೆ ಏರಿದ್ದಾನೆ. ಗಲ್ಫಿಗೆ ಬಂದು ಮೇಲೆ ಬಂದವರಲ್ಲಿ ಅವನೂ ಒಬ್ಬ. ಫೋಕಸ್‌ಗೆ ಲುಬ್ಧಕವನ್ನು ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡಿ, ರಿಂಗಿಗೆ ಟೇಪ್ ಅಂಟಿಸಿ. ಎಫ್/1.8 ಇದೆಯೆಂದು ಪೂರ್ತಿ ತೆರೆಯಬೇಡಿ, ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬರುತ್ತವೆ. ಎಫ್/4ಕ್ಕೆ ಇಳಿಸಿ, ಎರಡೆರಡು ನಿಮಿಷದ ಅರವತ್ತು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ. ಪಕ್ಕದಲ್ಲಿ ಯಾರಾದರೂ ಟೆಂಟು ಹಾಕಿ ಜನರೇಟರ್ ಶುರುಮಾಡಿದರೆ ಅವರು ಕೊಟ್ಟ ಚಹಾ ಕುಡಿದು ಮುಂದೆ ಸಾಗಿ.

ಬೇಸಿಗೆಯಲ್ಲಿ ಮಹಾವ್ಯಾಧ ಸೂರ್ಯನ ಆಚೆ ಹೋಗುತ್ತಾನೆ. ಹಂಸದಲ್ಲಿ ಉತ್ತರ ಅಮೆರಿಕ ನೀಹಾರಿಕೆ ಮೇಲೇರುತ್ತದಾದರೂ ಇರುಳಿನ ಸೆಕೆಗೇ ಸೆನ್ಸರ್ ತುಂಬ ಚುಕ್ಕೆಗಳೇಳುತ್ತವೆ. ಜುಲೈ ರಜೆಗೆ ಊರಿಗೆ ಹೋದಾಗ ಆರಾಮಾಗಿ ತೆಗೆಯುತ್ತೇನೆ ಎನ್ನುವವರು ಹೊರಡುವಾಗ ಛತ್ರಿ ಮರೆಯಬಾರದು.